ಐದು ವೋಲ್ಟಿನ ಅಳತೆ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿದವನು ವಿದ್ಯುತ್ತಿನ ಮಾತೆತ್ತಿದರೆ ಕೇಳುಗರು ನಗುವುದು ಸಹಜ. ಷಟ್ಪದಿಯ ಮಾತ್ರೆ ಎಣಿಸುತ್ತಿದ್ದ ಬೆರಳು ಈಗ ವೋಲ್ಟುಗಳನ್ನು ಎಣಿಸಲು ಹೊರಟಿದೆಯೆಂದು ನನ್ನ ಹಳೆಯ ಸಹೋದ್ಯೋಗಿಗಳೂ ಹಾಸ್ಯ ಮಾಡಿದ್ದಾರೆ. ಅವರ ಹಾಸ್ಯವನ್ನು ಒಪ್ಪಿಕೊಂಡೇ ಮಾತನ್ನು ಆರಂಭಿಸುತ್ತೇನೆ. ನನ್ನದು ತಜ್ಞನ ಮಾತಲ್ಲ. ಒಂದು ಯಂತ್ರವನ್ನು ಕೈಯಾರೆ ಕೊಂದು, ಇನ್ನೊಂದನ್ನು ಪರರ ಕೃಪೆಯಿಂದ ಉಳಿಸಿಕೊಂಡವನ ಮಾತು.

ನನ್ನ ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಅಧ್ಯಾಪಿಕೆಯಾಗಿದ್ದಳು. ಭಾರತ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ಯೋಜನೆಯೊಂದನ್ನು ಆರಂಭಿಸಿತಷ್ಟೆ. ಮೊದಲು ಆರಿಸಿಕೊಂಡದ್ದು ದೇಶದ 250 ಶಾಲೆಗಳನ್ನು. ಆಮೇಲೆ ಯೋಜನೆ ಹಬ್ಬುತ್ತ ಹೋದಂತೆ ಅಕ್ಕನ ಶಾಲೆಗೂ ಒಂದು ದಿನ ಮರದ ಪೆಟ್ಟಿಗೆಗಳು ಬಂದಿಳಿದವು. ಒಳಗಿದ್ದದ್ದು ಬಿ.ಬಿ.ಸಿ. ಮೈಕ್ರೋ ಎಂಬ ಇಂಗ್ಲೆಂಡಿನ ಯಂತ್ರ: ಕೆನೆಬಣ್ಣದ ಮೈ, ಕಪ್ಪು ಕೀಲಿಗಳು, ಮೇಲಿನ ಸಾಲಿನಲ್ಲಿ ಕೆಂಪು ಗುಂಡಿಗಳು, ಪಕ್ಕದಲ್ಲಿ ಚುಕ್ಕೆಗಳಿಂದ ಬಿಡಿಸಿದ ಒಂದು ಗೂಬೆ. ಆಂಗ್ಲರಿಗೆ ಗೂಬೆ ಜ್ಞಾನದ ಗುರುತು. ಅದನ್ನು ಕಂಡ ಶಾಲೆಯ ಜವಾನ ಮಾತ್ರ, ಇದನ್ನು ಸರಸ್ವತಿಯ ಪಟದ ಕೆಳಗೆ ಇಡುತ್ತೀರಲ್ಲ ಎಂದು ಗೊಣಗಿದ್ದನಂತೆ.

ಆ ಯಂತ್ರದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬೇಕು. ಬ್ರಿಟಿಷ್ ಬಾನುಲಿ ಸಂಸ್ಥೆ ತನ್ನ ವೀಕ್ಷಕರಿಗೆ ಕಂಪ್ಯೂಟರ್ ಅಕ್ಷರಾಭ್ಯಾಸ ಮಾಡಿಸಲು ಹೊರಟಾಗ, ಪಾಠದ ಜೊತೆಗೊಂದು ಯಂತ್ರವೂ ಬೇಕಾಯಿತು. ಕೇಂಬ್ರಿಜ್ ಊರಿನ ಏಕಾರ್ನ್ ಎಂಬ ಪುಟ್ಟ ಕಂಪನಿಯಲ್ಲಿದ್ದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1981ರಲ್ಲಿ ಒಂದು ವಾರದೊಳಗೆ ಅದರ ಮಾದರಿಯನ್ನು ನಿಲ್ಲಿಸಿ ತೋರಿಸಿದರು. 1982ರ ಜನವರಿಯಲ್ಲಿ ದೂರದರ್ಶನದ ಪಾಠಮಾಲೆ ಪ್ರಾರಂಭವಾಯಿತು. ಹನ್ನೆರಡು ಸಾವಿರ ಮಾರಾಟವಾದೀತೆಂದು ಎಣಿಸಿದ್ದ ಯಂತ್ರ ಹತ್ತು ಲಕ್ಷವನ್ನು ದಾಟಿತು. ಅದರ ನೆನಪಿನ ಶಕ್ತಿಯೆಲ್ಲ ಕೂಡಿ 32 ಕಿಲೋಬೈಟು. ಈಗ ಜೇಬಿನ ಫೋನಿನಲ್ಲಿ ಒಂದು ಮಸುಕು ಛಾಯಾಚಿತ್ರಕ್ಕೂ ಅಷ್ಟು ಸ್ಥಳ ಸಾಲದು. ಆದರೂ ಆ ಫೋನುಗಳ ಹೃದಯವಾದ ‘ಆರ್ಮ್’ ಎಂಬ ಚಿಪ್‌ನ ವಂಶವೃಕ್ಷ ಇದೇ ಇಬ್ಬರು ಕಂಪನಿಗೆ ಬರೆದುಕೊಟ್ಟ ವಿನ್ಯಾಸಕ್ಕೆ ಹೋಗಿ ಮುಟ್ಟುತ್ತದೆ.

ಅಕ್ಕ ಬೇಸಿಗೆಯ ರಜೆಯಲ್ಲಿ ತರಬೇತಿಗೆ ಹೋಗಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿತು ಬಂದಳು. ಹಿಂದಿನ ಬೆಂಚಿನ ಮಕ್ಕಳಿಗಾಗಿ ಮಗ್ಗಿಯ ಲೆಕ್ಕ ಕೇಳುವ ಕ್ರಮವಿಧಿಯೊಂದನ್ನು ತಾನೇ ಬರೆದು, ಹಾಡು ಮುದ್ರಿಸುವ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅದನ್ನು ಉಳಿಸಿಟ್ಟಿದ್ದಳು. ಕಾಲಾಂತರದಲ್ಲಿ ಹೊಸ ಯಂತ್ರಗಳು ಬಂದವು, ಹಳೆಯವು ದಾಸ್ತಾನು ಕೋಣೆಗೆ ಸೇರಿದವು, ಒಮ್ಮೆ ಹರಾಜೂ ಆದವು. ಅಕ್ಕ ಒಂದನ್ನು ಕೊಂಡು ಮನೆಗೆ ತಂದು ಅಟ್ಟದ ಮೇಲಿಟ್ಟಳು. ಈಗ ಅವಳಿಗೆ ಎಪ್ಪತ್ತೈದು ದಾಟಿದೆ. ಎರಡು ವರ್ಷದ ಹಿಂದೆ ಗೌರಿಹಬ್ಬಕ್ಕೆ ಹೋದಾಗ, “ಏನೋ, ಆ ಗೂಬೆ ಪೆಟ್ಟಿಗೆ ಇನ್ನೊಂದ್ಸಲ ಹಾಡುತ್ತೇನೋ ನೋಡೋ” ಎಂದಳು. ಮಾರನೆಯ ದಿನವೇ ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಹೊತ್ತು ತಂದೆ.

ತಂದವನು ಮಾಡಿದ್ದೇನು? ಧೂಳು ಒರೆಸಿ, ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿದೆ. ‘ಬೂ’ ಎಂದು ಒಂದು ಮಂದ್ರಸ್ವರ, ಅದರ ಬೆನ್ನಿಗೇ ‘ಬೀಪ್’ ಎಂದು ಒಂದು ತಾರಸ್ವರ ಕೇಳಿಸಿತು. ಅದು ಈ ಯಂತ್ರದ ನಮಸ್ಕಾರ. ನಾನು ಹಿಗ್ಗಿದೆ. ಹತ್ತು ನಿಮಿಷ ಕಳೆಯಿತು. ಆಮೇಲೆ ‘ಟಪ್’ ಎಂಬ ಸದ್ದಾಗಿ ಎಡಗಡೆಯ ಸೀಳುಗಳಿಂದ ಬಿಳಿಯ ಹೊಗೆ ಎದ್ದಿತು. ಸುಟ್ಟ ಕಾಗದ, ಮೀನು, ಮೇಣ ಮೂರೂ ಸೇರಿದಂಥ ನಾತ. ಪ್ಲಗ್ಗು ಕಿತ್ತೆ. ವಿಚಿತ್ರವೆಂದರೆ, ಹೊಗೆಯೇಳುತ್ತಿದ್ದಾಗಲೂ ಪರದೆಯ ಮೇಲಿನ ಅಕ್ಷರಗಳು ಅಲುಗದೆ ನಿಂತಿದ್ದವು.

ಈ ಹೊಗೆಯ ಕಾರಣವನ್ನು ಆಗಲೇ ತಿಳಿದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ. ಪೆಟ್ಟಿಗೆಯ ಎಡಭಾಗದಲ್ಲಿ ಲೋಹದ ಇನ್ನೊಂದು ಪೆಟ್ಟಿಗೆಯಿದೆ. ಅದೇ ಪವರ್ ಸಪ್ಲೈ, ಯಂತ್ರದ ಅಡುಗೆಮನೆ. ಗೋಡೆಯಿಂದ ಬರುವ 230 ವೋಲ್ಟಿನ ಏರಿಳಿಯುವ ವಿದ್ಯುತ್ತನ್ನು ಅದು ಮೊದಲು ಸುಮಾರು 325 ವೋಲ್ಟಿನ ಏಕಮುಖ ವಿದ್ಯುತ್ತಾಗಿ ಶೇಖರಿಸುತ್ತದೆ, ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸುತ್ತದೆ, ಮತ್ತೆ ಇಳಿಸಿ, ಸೋಸಿ, ಐದು ವೋಲ್ಟಾಗಿ ಬಡಿಸುತ್ತದೆ. ಹಾಗೆ ಕತ್ತರಿಸುವಾಗ ಹುಟ್ಟುವ ಕೊಳೆ ಮನೆಯ ತಂತಿಗೆ ಹಿಂದಿರುಗಿ ಹರಿಯದಂತೆ ಬಾಗಿಲಲ್ಲೇ ತಡೆಯಲು ಕಾಗದದ ಸುರುಳಿಯ ಒಂದೆರಡು ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ನಮ್ಮ ರಿಪೇರಿಯವರ ಬಾಯಲ್ಲಿ ಅವು ಕಂಡೆನ್ಸರ್. ಅವುಗಳ ಮೇಲಿನ ಪಾರದರ್ಶಕ ಕವಚ ನಾಲ್ಕು ದಶಕದಲ್ಲಿ ಬಿರುಕುಬಿಟ್ಟು, ಒಳಗಿನ ಕಾಗದ ತೇವವನ್ನು ಹೀರಿಕೊಂಡು, ಒಂದು ದಿನ ಹೀಗೆ ಸಿಡಿಯುತ್ತದೆ. ಈ ಜಾತಿಯ ಯಂತ್ರಗಳಲ್ಲಿ ಇದು ತೀರ ಸಾಮಾನ್ಯವಾದ ಮುಪ್ಪಿನ ರೋಗ. ಬಿಡಿಭಾಗಕ್ಕೆ ಹೆಚ್ಚು ಬೆಲೆಯಿಲ್ಲ. ಸಿಡಿದದ್ದು ಬಾಗಿಲ ಕಾವಲುಗಾರನೇ ಹೊರತು ಒಳಗಿನ ಯಜಮಾನನಿಗೆ ಏನೂ ಆಗಿರಲಿಲ್ಲ.

ನಾನೋ, ಅಡುಗೆಮನೆಯೇ ಸುಟ್ಟುಹೋಯಿತೆಂದು ಭಾವಿಸಿ ಹೊರಗಿನಿಂದ ಊಟ ತರಿಸಲು ಹೋದೆ. ಎಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗನ ಬಳಿ, ಗುಂಡಿ ತಿರುಗಿಸಿ ಬೇಕಾದ ವೋಲ್ಟು ಪಡೆಯುವ ಒಂದು ಹಳೆಯ ಸಪ್ಲೈ ಇತ್ತು. ಯಂತ್ರದ ಒಳಗೆ ಕೆಂಪು ತಂತಿಗೆ ಐದು ವೋಲ್ಟು, ಕಪ್ಪಿಗೆ ಸೊನ್ನೆ ಎಂಬುದನ್ನು ಓದಿ ತಿಳಿದಿದ್ದೆ. ಗುಂಡಿಯ ಮುಳ್ಳನ್ನು ಮುದ್ರಿತವಾಗಿದ್ದ 5ಕ್ಕೆ ತಂದು ನಿಲ್ಲಿಸಿ, ತಂತಿ ಕೂಡಿಸಿ, ಒತ್ತಿದೆ. ನಮಸ್ಕಾರವಿಲ್ಲ. ಒಂದೆರಡು ಚಿಪ್‌ಗಳ ಮೇಲೆ ಬೆರಳಿಟ್ಟರೆ ಚುರ್ ಎಂದಿತು. ಗುಂಡಿ ತನ್ನ ಅಚ್ಚಿನ ಮೇಲೆ ಎಂದೋ ಸಡಿಲವಾಗಿ ಜಾರಿತ್ತಂತೆ. ಮುಳ್ಳು ಐದನ್ನು ತೋರಿಸುತ್ತಿದ್ದಾಗ ತಂತಿಯಲ್ಲಿ ಹರಿಯುತ್ತಿದ್ದದ್ದು ಹನ್ನೆರಡು ವೋಲ್ಟು. ಅಳೆಯುವ ಮೀಟರು ಅದೇ ಮೇಜಿನ ಮೇಲೆ, ಒಂದು ಗೇಣು ದೂರದಲ್ಲಿ, ಬಿದ್ದಿತ್ತು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಆಡದೆ ಇರಲಾರೆ. ಎಂ.ಎ. ತರಗತಿಗೆ ಗ್ರಂಥಸಂಪಾದನೆ ಬೋಧಿಸುವಾಗಲೆಲ್ಲ, ಅಚ್ಚಾದ ಪಾಠವನ್ನು ನಂಬಬೇಡಿ, ಓಲೆಯನ್ನೇ ನೋಡಿ ಎಂದು ನಾನು ಹೇಳದ ದಿನವಿಲ್ಲ. ಓಲೆಯ ಕಟ್ಟನ್ನು ಬಿಚ್ಚುವ ಮೊದಲು ಎಣ್ಣೆ ಸವರಿ ಮೆದುವಾಗಿಸಿ, ಅವಸರಿಸಿದರೆ ಗರಿ ಮುರಿದೀತು ಎಂದೂ ಹೇಳುತ್ತಿದ್ದೆ. ಅದೇ ಮನುಷ್ಯ ಗುಂಡಿಯ ಸುತ್ತ ಅಚ್ಚಾಗಿದ್ದ ಅಂಕೆಯನ್ನು ವೇದವಾಕ್ಯವೆಂದು ನಂಬಿದ್ದ.

ನಮ್ಮ ಬೀದಿಯ ಕೊನೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತ ತಲೆ ನರೆತವರೊಬ್ಬರಿದ್ದಾರೆ. ಅವರ ಬಳಿಗೆ ಅಪರಾಧಿಯಂತೆ ಹೋದೆ. ಕಥೆಯೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ಕೂಡ್ಸೋಕ್ ಮುಂಚೆ ಅಳೆದ್ರಾ, ಮೇಷ್ಟ್ರೆ?” ನಾನು ತಲೆ ತಗ್ಗಿಸಿದೆ. ಅವರು ಪದರ ಬಿಡಿಸಿ ಹೇಳಿದರು. ಆ ಹಲಗೆಯ ಮೇಲಿನ ಚಿಪ್‌ಗಳ ಪಥ್ಯ ಬಲು ಕಟ್ಟುನಿಟ್ಟು. 4.75ರಿಂದ 5.25 ವೋಲ್ಟು, ಇಷ್ಟೇ ಅವುಗಳ ಆರೋಗ್ಯದ ಮೇರೆ. ಕಡಿಮೆಯಾದರೆ ಮಂಕಾಗಿ ಕೂರುತ್ತವೆ, ಆದರೆ ಸಾಯುವುದಿಲ್ಲ. ಏಳನ್ನು ದಾಟಿದರೆ ಬದುಕಿನ ಭರವಸೆಯಿಲ್ಲ. ಸಾಮಾನ್ಯ ಚಿಪ್‌ಗಳೇನೋ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕಾವು. ಆದರೆ ಚಿತ್ರ ಮೂಡಿಸುವುದೊಂದು, ಕ್ಯಾಸೆಟ್ಟು ಓದುವುದೊಂದು, ಹೀಗೆ ಎರಡು ಚಿಪ್‌ಗಳನ್ನು ಏಕಾರ್ನ್ ಕಂಪನಿ ಈ ಯಂತ್ರಕ್ಕೆಂದೇ ಫೆರಾಂಟಿಯವರಿಂದ ಮಾಡಿಸಿಕೊಂಡಿತ್ತು. ಆ ಅಸಲಿ ಚಿಪ್‌ಗಳ ತಯಾರಿಕೆ ನಿಂತು ದಶಕಗಳೇ ಆಗಿವೆ. ಮೂರು ದಿನ ಪರೀಕ್ಷಿಸಿ ಅವರು ಎರಡೂ ಹೋಗಿವೆ ಎಂದರು.

ಅಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಹರಾಜಿನಲ್ಲಿ ಇನ್ನೊಂದನ್ನು ಕೊಂಡಿದ್ದ ತನ್ನ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದಳು. ಅದು ಅವರ ಮನೆಯಲ್ಲಿ ಕೆಟ್ಟು ಕೂತಿತ್ತು. ಗುಂಡಿ ಒತ್ತಿದರೆ ‘ಬೂ’ ಎಂಬ ಮಂದ್ರಸ್ವರ ನಿಲ್ಲದೆ ಎಳೆಯುತ್ತದೆ, ‘ಬೀಪ್’ ಬರುವುದೇ ಇಲ್ಲ ಎಂದು ಅವರು ಹೇಳಿ, ಬೇಕಾದರೆ ಒಯ್ಯಿರಿ ಎಂದರು. ಅದನ್ನು ನನ್ನ ಕೈಗೆ ಕೊಡುವಾಗ ಅಕ್ಕ, “ಇದನ್ನೂ ಕೊಲ್ಲಬೇಡ್ವೋ” ಎಂದಳು. ನಗುತ್ತಲೇ ಅಂದಳು. ಆ ನಗೆಯನ್ನು ನಾನು ಮರೆತಿಲ್ಲ.

ಈ ಸಲ ನೇರವಾಗಿ ರಿಪೇರಿಯವರ ಅಂಗಡಿಗೇ ಹೋದೆ. ನಾಲ್ಕು ಭಾನುವಾರಗಳ ಕೆಲಸವದು. ನಾನು ಶಿಷ್ಯ, ಅವರು ಗುರು. ಮುಚ್ಚಳದ ತಿರುಪುಗಳ ಬಳಿ ‘ಫಿಕ್ಸ್’ ಎಂದು ಅಚ್ಚಾಗಿರುತ್ತದೆ. ಅವನ್ನು ಬಿಚ್ಚಿದರೆ ಮೇಲ್ಮೈ ಕಳಚಿ ಬರುತ್ತದೆ. ಲೋಹದ ಪೆಟ್ಟಿಗೆಯಿಂದ ಏಳು ತಂತಿಗಳು ಹಲಗೆಗೆ ಬರುತ್ತವೆ: ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ. ಯಾವುದು ಎಲ್ಲಿತ್ತೆಂದು ಕಾಗದದ ಚೀಟಿ ಅಂಟಿಸಿ, ತಂತಿಯನ್ನು ಎಳೆಯದೆ ತುದಿಯ ಲೋಹವನ್ನೇ ಹಿಡಿದು, ಏಳನ್ನೂ ಬಿಡಿಸಿದೆವು. ಈಗ ಅಡುಗೆಮನೆ ಬೇರೆ, ಉಣ್ಣುವವನು ಬೇರೆ. ಪರೀಕ್ಷೆಯ ಮರ್ಮ ಇರುವುದೇ ಇಲ್ಲಿ. ಶಂಕೆಯಿರುವ ಅಡುಗೆಯನ್ನು ಮೊದಲು ಮನೆಯ ಮಗುವಿಗೆ ಬಡಿಸುವವರುಂಟೆ?

ಲೋಹದ ಪೆಟ್ಟಿಗೆಯನ್ನು ನಾನು ತೆರೆಯಲಿಲ್ಲ. ಕೇಳುಗರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವಿರಾದರೆ, ದಯವಿಟ್ಟು ನೀವೂ ತೆರೆಯಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರು 300 ವೋಲ್ಟಿಗೂ ಮಿಕ್ಕ ಶಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರಬಲ್ಲದು. ಬಲ್ಲವರ ಕೈಗಷ್ಟೇ ಅದನ್ನು ಬಿಡಬೇಕು. ರಿಪೇರಿಯವರು ಮೊದಲು ಆ ಶಕ್ತಿಯನ್ನು ಒಂದು ರೆಸಿಸ್ಟೆನ್ಸ್ ಮೂಲಕ ಇಳಿಸಿ, ಮೀಟರಿನಿಂದ ಸೊನ್ನೆಯೆಂದು ಖಚಿತ ಮಾಡಿಕೊಂಡೇ ಒಳಗೆ ಬೆರಳಿಟ್ಟರು. ಬಿರುಕುಬಿಟ್ಟಿದ್ದ ಕಾಗದದ ಕಂಡೆನ್ಸರುಗಳು ಇನ್ನೂ ಸಿಡಿದಿರಲಿಲ್ಲ. ಆದರೂ ಅವನ್ನು ಕಿತ್ತು, ಗೋಡೆಯ ವಿದ್ಯುತ್ತಿಗೆ ಅಡ್ಡಲಾಗಿ ಹಾಕಲೆಂದೇ ತಯಾರಿಸುವ ಎಕ್ಸ್-2 ದರ್ಜೆಯ ಹೊಸವನ್ನು ಬೆಸೆದರು. ಆ ಜಾಗದಲ್ಲಿ ಸಿಕ್ಕಿದ ಯಾವುದನ್ನಾದರೂ ಹಾಕುವಂತಿಲ್ಲ ಎಂದು ಎರಡು ಸಲ ಹೇಳಿದರು.

ಇನ್ನು ಅಳತೆ. ಈ ಬಗೆಯ ಸಪ್ಲೈಗೆ ಹೊರೆಯಿಲ್ಲದಿದ್ದರೆ ನಡತೆ ಸರಿಯಿರುವುದಿಲ್ಲ. ಎತ್ತಿಲ್ಲದ ಬಂಡಿಯ ನೊಗದಂತೆ ಎತ್ತಲೋ ತೂಗಾಡುತ್ತ ಸುಳ್ಳು ಅಂಕೆ ತೋರಿಸೀತು, ಇಲ್ಲವೆ ಏಳದೆಯೇ ಇದ್ದೀತು. ಆದ್ದರಿಂದ ಕಂಪ್ಯೂಟರಿಗೆ ಬದಲಾಗಿ ಕೆಂಪು ಕಪ್ಪು ತಂತಿಗಳ ನಡುವೆ ಐದು ಓಮಿನ, ಹತ್ತು ವ್ಯಾಟಿನ ಪಿಂಗಾಣಿಯ ರೆಸಿಸ್ಟೆನ್ಸ್ ಎರಡನ್ನು ಜೊತೆಯಾಗಿ ಕೂಡಿಸಿದರು. ಒಂದೊಂದೂ ಒಂದು ಆಂಪಿಯರ್ ಉಣ್ಣುತ್ತದೆ. ಪೂರ್ಣ ಸಾಮರ್ಥ್ಯ 3.75 ಆಂಪಿಯರ್, ಅದರ ಅರ್ಧಕ್ಕಿಂತ ತುಸು ಹೆಚ್ಚು ಹೊರೆಯಾಯಿತು. ಗೋಡೆಗೂ ಸಪ್ಲೈಗೂ ನಡುವೆ ಸೀರೀಸ್ ಬೋರ್ಡು, ಅದರಲ್ಲಿ ಹಳೆಯ ಕಾಲದ 60 ವ್ಯಾಟಿನ ತಂತಿಬಲ್ಬು. ಒಳಗೆಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು, ಪೆಟ್ಟಿಗೆ ಉಳಿಯುತ್ತದೆ. ಗುಂಡಿ ಒತ್ತಿದರು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. “ಒಳ್ಳೇದು,” ಎಂದರು.

ಮೀಟರಿನಲ್ಲಿ 4.61. ಒಂದು ರೆಸಿಸ್ಟೆನ್ಸ್ ತೆಗೆದರೆ 4.9ಕ್ಕೆ ಏರುತ್ತದೆ, ಮತ್ತೆ ಕೂಡಿಸಿದರೆ ಇಳಿಯುತ್ತದೆ. ಬಲ್ಬಿನ ಬೋರ್ಡನ್ನು ತೆಗೆದು ನೇರವಾಗಿ ಗೋಡೆಗೆ ಕೊಟ್ಟು ನೋಡಿದಾಗಲೂ ಅದೇ ಕಥೆ. ಮೀಟರನ್ನು ಎ.ಸಿ.ಗೆ ತಿರುಗಿಸಿದರೆ ಅಲ್ಲಿ ಇರಬಾರದ ಅಲೆಯೊಂದು ಕಾಣುತ್ತದೆ. ಸೋಸುವ ಕಂಡೆನ್ಸರುಗಳ ಒಳಗಿನ ದ್ರವ ಒಣಗಿದೆ ಎಂದು ಅವರು ನಿದಾನ ಹೇಳಿದರು. ಎಸ್.ಪಿ. ರಸ್ತೆಯ ಸಂತೆಯಲ್ಲಿ ಒಂದು ಮಧ್ಯಾಹ್ನವೆಲ್ಲ ಅಲೆದು, ಬಿಸಿಯನ್ನು ತಾಳುವ ಜಾತಿಯವನ್ನು ನಾನೇ ತಂದುಕೊಟ್ಟೆ. ಮುಂದಿನ ಭಾನುವಾರ ಮೀಟರು 5.04 ಎಂದಿತು. ನಾನು ಎದ್ದು ಹೊರಡಲು ಸಿದ್ಧನಾದೆ. ಗುರುಗಳು ಕೂರಿಸಿದರು. ತಣ್ಣಗಿದ್ದಾಗ ಎಲ್ಲರೂ ಸಭ್ಯರೇ. ಬಿಸಿಯಾದ ಮೇಲೆ ನೋಡಬೇಕು ಎಂಬುದು ಅವರ ಲೋಕಾನುಭವ. ಅರ್ಧ ಗಂಟೆ ಕೂತೆವು, ಕಾಫಿ ಕುಡಿದೆವು. ರೆಸಿಸ್ಟೆನ್ಸ್‌ಗಳು ಮುಟ್ಟಲಾರದಷ್ಟು ಕಾದವು. ಅಂಕೆ 5.03ರಲ್ಲಿ ನಿಂತಿತು. ನೇರಳೆ ತಂತಿಯಲ್ಲಿ ಋಣಚಿಹ್ನೆ ಕಂಡು ನಾನು ಗಾಬರಿಯಾದೆ. ಅದು ಇರಬೇಕಾದದ್ದೇ ಋಣ ಐದು, ಧ್ವನಿಯ ಭಾಗಕ್ಕೂ ಹೊರಗಿನ ಸಂಪರ್ಕಕ್ಕೂ ಬೇಕಾಗುತ್ತದೆ ಎಂದು ಅವರು ಸಮಾಧಾನ ಹೇಳಿದರು.

ಇಷ್ಟಾದ ಮೇಲೆ, ಹಲಗೆಯ ಕೆಂಪು ಕಪ್ಪುಗಳ ನಡುವೆ ಶಾರ್ಟ್ ಇಲ್ಲವೆಂದು ಅಳೆದು ನೋಡಿ, ಏಳು ತಂತಿಗಳನ್ನೂ ಚೀಟಿಯಂತೆ ಕೂಡಿಸಿದೆವು. ಗುಂಡಿ ಒತ್ತುವ ಕೆಲಸವನ್ನು ನನಗೇ ಬಿಟ್ಟರು. ‘ಬೂ’ ಎಂದಿತು. ಎಳೆಯುತ್ತಲೇ ಇತ್ತು. ‘ಬೀಪ್’ ಇಲ್ಲ. ನನ್ನ ಎದೆಯಲ್ಲಿ ಏನೋ ಕುಸಿಯಿತು. ಗುರುಗಳು ಮಾತ್ರ ಮೀಟರು ಎತ್ತಿಕೊಂಡರು. ಸಪ್ಲೈಯ ಬಾಯಲ್ಲಿ 5.04, ಹಲಗೆಯ ಆಚೆಯ ತುದಿಯ ಚಿಪ್ ಒಂದರ ಕಾಲಿನಲ್ಲಿ 4.66. ಬಡಿಸಿದ ಅನ್ನ ಎಲೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಚೆಲ್ಲುತ್ತಿತ್ತು. ಯಾವ ಅಡುಗೆಮನೆಯ ತಪ್ಪೂ ಅದಲ್ಲ. ತಂತಿಗಳ ತುದಿಯ ಲೋಹಕ್ಕೆ ನಲವತ್ತು ವರ್ಷದ ಕಿಲುಬು ಹಿಡಿದಿತ್ತು, ಒಂದು ಕಪ್ಪು ತಂತಿಯ ಹಿಡಿಕೆಯಂತೂ ಸಡಿಲವಾಗಿ ನೆಪಕ್ಕೆ ಕೂತಿತ್ತು. ಹಳೆಯ ಒಡೆಯರ ಮನೆಯಲ್ಲಿ ಅದು ಮೂಗಿನಲ್ಲೇ ಹಾಡುತ್ತಿದ್ದುದಕ್ಕೆ ಒಣಗಿದ ಕಂಡೆನ್ಸರಷ್ಟೇ ಇದೂ ಕಾರಣವಿರಬೇಕು. ಉಜ್ಜಿ, ಇಕ್ಕಳದಿಂದ ಬಿಗಿಮಾಡಿ, ಮತ್ತೆ ಅಳೆದೆವು. ಆಚೆ ತುದಿಯಲ್ಲಿ 4.97.

ಬೂ. ಬೀಪ್.

ಅಕ್ಕನನ್ನು ಕರೆಸಿದ್ದು ದೀಪಾವಳಿಯ ಮರುದಿನ. ಹಳೆಯ ಟಿ.ವಿ.ಯೊಂದಕ್ಕೆ ಕೂಡಿಸಿ, ಟೇಪು ಹಾಕುವ ಪೆಟ್ಟಿಗೆಯನ್ನೂ ಇಟ್ಟಿದ್ದೆ. ಅವಳು ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಸುತ್ತಿ ಬಿಗಿಮಾಡಿ ಒಳಗಿಟ್ಟು, ಯಾರನ್ನೂ ಕೇಳದೆ, ಕೀಲಿಗಳನ್ನು ನೋಡದೆ, ಆಜ್ಞೆಯನ್ನು ಒತ್ತಿದಳು. ಬೆರಳುಗಳು ಮರೆತಿರಲಿಲ್ಲ. ಪರದೆಯಲ್ಲಿ ಕಂತುಗಳ ಅಂಕೆ ಒಂದೊಂದಾಗಿ ಏರುತ್ತ ಹೋಯಿತು. ನಡುವೆ ಒಮ್ಮೆ ತಡವರಿಸಿತು. ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತಿ ಬಿಟ್ಟಳು, ಮುಂದುವರಿಯಿತು. ಆಮೇಲೆ ಪರದೆ ಖಾಲಿಯಾಗಿ, ಹದಿನೇಳು ಎಂಟಲ ಎಷ್ಟು ಎಂಬ ಪ್ರಶ್ನೆ ಮೂಡಿತು. ಕನ್ನಡದ ಲಿಪಿ ಆ ಯಂತ್ರಕ್ಕೆ ಬಾರದು. ಅಕ್ಕ ಆಗ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದಿದ್ದಳು. 136 ಎಂದು ಒತ್ತಿದಳು. ‘ಸರಿ’ ಎಂದಿತು.

ಮುಂದಿನ ಲೆಕ್ಕಕ್ಕೆ ಬೇಕೆಂದೇ ತಪ್ಪು ಉತ್ತರ ಕೊಟ್ಟಳು. ತಾನು ಆಗ ಏನು ಬರೆದಿದ್ದೆನೋ ನೋಡಬೇಕಂತೆ. ‘ತಪ್ಪು. ಪರವಾಗಿಲ್ಲ, ಮತ್ತೆ ಮಾಡು’ ಎಂದು ಬಂತು. ಅಕ್ಕ ನನ್ನ ಕಡೆ ತಿರುಗಿ ನಕ್ಕಳು.